ನ್ಯೂರೆಂಬರ್ಗ್ ಸೆರೆಮನೆಯಲ್ಲಿ ಒಬ್ಬ ಪಾಲಕ: ಹೆನ್ರಿ ಗೆರೆಕಿಯವರ ಸೇವೆಯ ಪ್ರಕರಣ ಅಧ್ಯಯನ

1945ರ ನವೆಂಬರ್ ತಿಂಗಳಲ್ಲಿ ಮ್ಯೂನಿಕ್ ನಗರದ ಅಮೆರಿಕನ್ ಸೇನಾ ಆಸ್ಪತ್ರೆಯಲ್ಲಿ ಚಾಪ್ಲಿನ್ (ಸೈನಿಕರಿಗೆ ಧಾರ್ಮಿಕ ಸೇವೆ ಸಲ್ಲಿಸುವ ಬೋಧಕ) ಆಗಿದ್ದ ಹೆನ್ರಿ ಗೆರೆಕಿ ಎಂಬ ಲೂಥರನ್ ಪ್ರಾಟೆಸ್ಟೆಂಟ್ ಸಭೆಯ ಪಾಲಕರನ್ನು ಅವರ ಮೇಲಧಿಕಾರಿ ಕರೆಸಿ, ನ್ಯೂರೆಂಬರ್ಗಿನ ಸೆರೆಮನೆಗೆ ಹೋಗಲು ಒಪ್ಪುವಿರಾ ಎಂದು ಕೇಳಿದರು. ಬದುಕಿ ಸಿಕ್ಕಿಬಿದ್ದ ನಾಜಿ ನಾಯಕರು ಅಲ್ಲಿ ಅಂತರರಾಷ್ಟ್ರೀಯ ಸೈನಿಕ ನ್ಯಾಯಮಂಡಳಿಯ ಮುಂದೆ ವಿಚಾರಣೆಗೆ ನಿಲ್ಲುವವರಿದ್ದರು. ಅದು ಆಜ್ಞೆಯಾಗಿರಲಿಲ್ಲ. ಗೆರೆಕಿಯವರಿಗೆ ಆಗ 52 ವರ್ಷ. ಬೇಕಾದರೆ ವಯಸ್ಸಿನ ಕಾರಣ ಹೇಳಿ ಮನೆಗೆ ಮರಳಬಹುದಾಗಿತ್ತು. ಹೆಂಡತಿಯ ಮುಖ ನೋಡಿ ಎರಡು ವರ್ಷಕ್ಕೂ ಹೆಚ್ಚಾಗಿತ್ತು, ಇಬ್ಬರು ಗಂಡುಮಕ್ಕಳು ಇದೇ ಯುದ್ಧದಲ್ಲಿ ಗಾಯಗೊಂಡಿದ್ದರು, ಡಾಖೌ ಯಾತನಾಶಿಬಿರವನ್ನು ಅವರು ಕಣ್ಣಾರೆ ಕಂಡು ಬಂದಿದ್ದರು. ಇಷ್ಟೆಲ್ಲದರ ನಡುವೆಯೂ, ಪ್ರಾರ್ಥನೆಯಲ್ಲಿ ಕೆಲವು ದಿನ ಕಳೆದ ಮೇಲೆ, ಅವರು ಒಪ್ಪಿಕೊಂಡರು.

ಸೆರೆಮನೆಯ ಕ್ರೈಸ್ತ ಸೇವೆಯನ್ನು ಕುರಿತು ಯೋಚಿಸುವವರಿಗೆ ಈ ಪ್ರಕರಣ ಉಪಯುಕ್ತವಾಗುವುದು ಕೈದಿಗಳು ಪ್ರಸಿದ್ಧರಾಗಿದ್ದರು ಎಂಬ ಕಾರಣಕ್ಕಲ್ಲ. ಬೇರೆ ಕಡೆ ಮಸುಕಾಗಿ ಎದುರಾಗುವ ಪ್ರಶ್ನೆಗಳು ಇಲ್ಲಿ ಮರೆಮಾಚಲಾಗದಷ್ಟು ದೊಡ್ಡದಾಗಿ ಎದುರಾದವು. ಯಾರಿಗೂ ಕ್ಷಮಿಸಲು ಮನಸ್ಸು ಬಾರದ ಮನುಷ್ಯನ ಬಳಿ ಪಾಲಕನು ಏನನ್ನು ಹೊತ್ತು ಹೋಗಬೇಕು, ಏನನ್ನು ಕೊಡದೆ ಇಟ್ಟುಕೊಳ್ಳಬೇಕು, ಕೈದಿಯ ಕಣ್ಣೀರನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳಿಗೆ ಗೆರೆಕಿ ಕೊಟ್ಟ ಉತ್ತರಗಳಲ್ಲಿ ಹೆಚ್ಚಿನವು ಸರಿ ಎಂದು ನನ್ನ ನಂಬಿಕೆ. ಒಂದು ಉತ್ತರ ಮಾತ್ರ ಅಪೂರ್ಣವಾಗಿಯೇ ಉಳಿಯಿತು; ಈ ಬರಹದ ಭಾರ ಬೀಳುವುದು ಅದರ ಮೇಲೆ.

ಅವರನ್ನೇ ಆರಿಸಿದ್ದೇಕೆ

ಗೆರೆಕಿ ಹುಟ್ಟಿದ್ದು 1893ರಲ್ಲಿ, ಅಮೆರಿಕದ ಮಿಸೂರಿ ರಾಜ್ಯದ ಒಂದು ರೈತ ಕುಟುಂಬದಲ್ಲಿ. ಜರ್ಮನ್ ಮೂಲದ ಮನೆತನವಾದ್ದರಿಂದ ಆ ಭಾಷೆ ಅವರಿಗೆ ಬರುತ್ತಿತ್ತು. ಸೇಂಟ್ ಲೂಯಿಸ್ ನಗರದಲ್ಲಿ ಸಭಾಪಾಲಕರಾಗಿದ್ದ ಅವರು 1935ರ ಸುಮಾರಿಗೆ ಆ ನೆಮ್ಮದಿಯ ಹುದ್ದೆಯನ್ನು ಬಿಟ್ಟು, ಆಸ್ಪತ್ರೆಗಳಲ್ಲಿಯೂ ಜೈಲಿನಲ್ಲಿಯೂ ಬಡವರ ನಡುವೆಯೂ ಕೆಲಸ ಮಾಡುವ ನಗರ ಮಿಷನ್ ಸೇವೆಗೆ ಸೇರಿದರು. ನ್ಯೂರೆಂಬರ್ಗಿಗೆ ಹೋಗುವ ಹೊತ್ತಿಗೆ ಅವರು ಜೈಲಿಗೆ ಹೊಸಬರಾಗಿರಲಿಲ್ಲ. ಬಾಗಿಲು ಹಿಂದೆ ಮುಚ್ಚಿಕೊಂಡ ಮೇಲೆ ಒಳಗಿರುವವನ ಹತ್ತಿರ ಹೇಗೆ ಕುಳಿತುಕೊಳ್ಳಬೇಕು, ಯಾವಾಗ ಮಾತನಾಡದೆ ಇರಬೇಕು ಎಂಬುದನ್ನು ಅವರು ಹತ್ತು ವರ್ಷಗಳ ಹಿಂದೆಯೇ, ಯಾರೂ ಹೆಸರು ಕೇಳದ ಕೈದಿಗಳಿಂದ ಕಲಿತಿದ್ದರು. ಈ ಸಂಗತಿಗೆ ಸಾಮಾನ್ಯವಾಗಿ ಸಿಗುವುದಕ್ಕಿಂತ ಹೆಚ್ಚಿನ ಗಮನ ಸಿಗಬೇಕು. ದೊಡ್ಡ ಪಂಡಿತರನ್ನು ಕಳುಹಿಸಿದ್ದರೆ ಆ ಕೈದಿಗಳು ವಾದಕ್ಕೆ ಇಳಿಯುತ್ತಿದ್ದರು. ಬಂದದ್ದು ಸರಳವಾಗಿ ಬೋಧಿಸುವ, ಪಟ್ಟುಬಿಡದೆ ಬಾಗಿಲು ತಟ್ಟುವ ಒಬ್ಬ ಪಾಲಕ.

ಸೆರೆಮನೆಯ ಪರಿಸ್ಥಿತಿ ಬಿಗಿಯಾಗಿತ್ತು. ಆರೋಪಿಗಳಲ್ಲಿ ಒಬ್ಬನಾದ ರಾಬರ್ಟ್ ಲೈ ವಿಚಾರಣೆ ಆರಂಭವಾಗುವ ಮೊದಲೇ, 1945ರ ಅಕ್ಟೋಬರ್ 25ರಂದು, ತನ್ನ ಕೋಣೆಯಲ್ಲಿ ನೇಣು ಹಾಕಿಕೊಂಡಿದ್ದ. ಅಂದಿನಿಂದ ಸೆರೆಮನೆಯ ಅಧಿಕಾರಿ ಕರ್ನಲ್ ಬರ್ಟನ್ ಆಂಡ್ರಸ್ ಪ್ರತಿ ಕೋಣೆಯ ಬಾಗಿಲಿಗೂ ಹಗಲಿರುಳು ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಿದರು. ರಾತ್ರಿಯಿಡೀ ದೀಪ ಉರಿಯುತ್ತಿತ್ತು. ಮಲಗಿದವನ ಮುಖವೂ ಕೈಗಳೂ ಹೊದಿಕೆಯ ಹೊರಗೆ ಕಾಣುತ್ತಿರಬೇಕಿತ್ತು. ನವೆಂಬರ್ 20ರಂದು ವಿಚಾರಣೆ ಆರಂಭವಾಯಿತು. ಕಟಕಟೆಗೆ ಬಂದ 21 ಮಂದಿಯಲ್ಲಿ 15 ಮಂದಿ ಪ್ರಾಟೆಸ್ಟೆಂಟ್ ಹಿನ್ನೆಲೆಯವರು ಗೆರೆಕಿಯವರ ಪಾಲಿಗೆ ಬಂದರು, ಉಳಿದ 6 ಮಂದಿ ಫ್ರಾನ್ಸಿಸ್ಕನ್ ಗುರು ಸಿಕ್ಸ್ಟಸ್ ಓಕಾನರ್ ಅವರ ಪಾಲಿಗೆ. ಹೀಗೆ ಹಂಚಿಕೊಂಡದ್ದು ಜವಾಬ್ದಾರಿಯನ್ನೇ ಹೊರತು ಭಕ್ತರನ್ನಲ್ಲ. ಈ 21 ಜನರಲ್ಲಿ ಹಲವರು ವರ್ಷಗಳ ಹಿಂದೆಯೇ ಕ್ರೈಸ್ತ ಸಭೆಯನ್ನು ತೊರೆದಿದ್ದರು.

ಮೊದಲ ಭೇಟಿಗಳು

ಮೊದಲ ಸುತ್ತಿನಲ್ಲಿ ಗೆರೆಕಿ ಒಂದು ಕೆಲಸ ಮಾಡಿದರು. ಅದಕ್ಕಾಗಿ ಮುಂದೆ ಕಟುವಾದ ಟೀಕೆಯನ್ನೂ ಎದುರಿಸಿದರು. ಪ್ರತಿ ಕೈದಿಗೂ ಅವರು ಕೈ ಚಾಚಿ ಹಸ್ತಲಾಘವ ಮಾಡಿದರು. ಆ ಕೈಗಳು ಯಾವ ಆದೇಶಗಳಿಗೆ ಸಹಿ ಹಾಕಿವೆ ಎಂಬುದು ಅವರಿಗೆ ಗೊತ್ತಿತ್ತು, ಅವರ ಅಪರಾಧವನ್ನು ಹಗುರ ಮಾಡುವ ಉದ್ದೇಶವೂ ಇರಲಿಲ್ಲ. ತಾನು ತಂದ ಸುವಾರ್ತೆಗೆ ತನ್ನ ನಡವಳಿಕೆಯೇ ಅಡ್ಡಿಯಾಗಬಾರದು ಎಂಬುದಷ್ಟೇ ಅವರ ವಿಚಾರ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಸೆರೆಯಲ್ಲಿದ್ದವನನ್ನು ನೋಡಲು ಹೋಗುವ ಮಾತು ಬರುವಾಗ, ಅವನು ಏಕೆ ಸೆರೆಯಲ್ಲಿದ್ದಾನೆ ಎಂಬ ವಿಚಾರಣೆ ಇಲ್ಲ. ಭೇಟಿಗೆ ಷರತ್ತಿಲ್ಲ. ಷರತ್ತು ಬರುವುದು ಬೇರೆ ಕಡೆ, ಮತ್ತು ಗೆರೆಕಿ ಈ ಎರಡನ್ನೂ ಒಂದರೊಳಗೊಂದು ಬೆರೆಸಲಿಲ್ಲ.

ಕೈದಿಗಳ ಪ್ರತಿಕ್ರಿಯೆ ಒಂದೇ ಬಗೆಯದಾಗಿರಲಿಲ್ಲ. ಹಿಟ್ಲರನ ಉಪನಾಯಕನಾಗಿದ್ದ ರುಡಾಲ್ಫ್ ಹೆಸ್ ಆರಾಧನೆಗೆ ಬರುವುದಿಲ್ಲ ಎಂದು ನೇರವಾಗಿ ಹೇಳಿದ. ನಾಜಿ ಸಿದ್ಧಾಂತದ ಬರಹಗಾರ ಆಲ್ಫ್ರೆಡ್ ರೋಸೆನ್‌ಬರ್ಗ್ ತನಗೆ ಪಾಲಕನ ಅಗತ್ಯವೇ ಇಲ್ಲ ಎಂದ, ಕೊನೆಯವರೆಗೂ ಹಾಗೆಯೇ ಇದ್ದ. ಸೇನಾ ಮುಖ್ಯಸ್ಥನಾಗಿದ್ದ ವಿಲ್ಹೆಲ್ಮ್ ಕೈಟೆಲ್ ಗೆರೆಕಿ ಒಳಗೆ ಹೋದಾಗ ಸತ್ಯವೇದ ಓದುತ್ತಿದ್ದ. ವಾಯುಪಡೆಯ ಮುಖ್ಯಸ್ಥನಾಗಿದ್ದ ಹರ್ಮನ್ ಗೋರಿಂಗ್ ಎದ್ದು ನಿಂತು ಆದರದಿಂದ ಬರಮಾಡಿಕೊಂಡ, ಆರಾಧನೆಗೆ ತಪ್ಪದೆ ಬರುವುದಾಗಿ ಮಾತು ಕೊಟ್ಟ, ಬಂದು ಎಲ್ಲರಿಗಿಂತ ಗಟ್ಟಿಯಾಗಿ ಕೀರ್ತನೆ ಹಾಡಿದ. ಆದರೆ ಅದೇ ಗೋರಿಂಗ್ ಸೆರೆಮನೆಯ ಮನಶ್ಶಾಸ್ತ್ರಜ್ಞ ಗುಸ್ಟಾವ್ ಗಿಲ್ಬರ್ಟ್ ಅವರ ಬಳಿ, ಪ್ರಾರ್ಥನೆ ಎಂಬುದೆಲ್ಲ ಅರ್ಧ ಗಂಟೆ ಈ ಕೋಣೆಯಿಂದ ಹೊರಬರುವ ಉಪಾಯ ಎಂದು ಹೇಳಿದ್ದು ದಾಖಲಾಗಿದೆ. ಸೆರೆಮನೆಯ ಆರಾಧನೆಗೆ ಬಂದವರ ತಲೆ ಎಣಿಸಿ ಸಂತೋಷಪಡುವ ಸಂಘಗಳು ಈ ಸಾಲನ್ನು ಎಚ್ಚರಿಕೆಯಿಂದ ಓದಬೇಕು. ಕೈದಿಗೆ ಬಾಗಿಲು ತೆರೆಯುವ ಯಾವ ಕಾರ್ಯಕ್ರಮವಾದರೂ ಆಕರ್ಷಕವೇ. ಹಾಗೆಂದು ಬಾಗಿಲು ತೆರೆಯದಿರುವುದೂ ಸರಿಯಲ್ಲ. ಬಂದವನು ಯಾತಕ್ಕೆ ಬಂದ ಎಂಬುದನ್ನು ತಿಳಿಯಲು ಆರಾಧನೆಯ ಸಭೆ ಸಾಲದು, ಅದಕ್ಕೆ ಒಬ್ಬೊಬ್ಬನ ಕೋಣೆಯಲ್ಲಿ ಕಳೆಯುವ ಹೊತ್ತೇ ಬೇಕು.

ಎರಡು ಕೋಣೆಗಳ ನಡುವಿನ ಗೋಡೆ ಒಡೆದು ಆರಾಧನೆಗೆ ಚಿಕ್ಕ ಸ್ಥಳವೊಂದನ್ನು ಮಾಡಲಾಗಿತ್ತು. ಬಹುಮಟ್ಟಿಗೆ ಹೆಸ್ ಮತ್ತು ರೋಸೆನ್‌ಬರ್ಗ್ ಹೊರತು ಗೆರೆಕಿಯವರ ಪಾಲಿನ ಉಳಿದವರೆಲ್ಲ ಅಲ್ಲಿಗೆ ಬರುತ್ತಿದ್ದರು. ನಿಜವಾದ ಕೆಲಸ ನಡೆದದ್ದು ಅದರ ಹೊರಗೆ, ದಿನದಿನದ ಭೇಟಿಗಳಲ್ಲಿ. ವಿದೇಶಾಂಗ ಸಚಿವನಾಗಿದ್ದ ರಿಬೆನ್‌ಟ್ರಾಪ್ ಮೊದಮೊದಲು ವಾದವನ್ನೇ ಮುಂದಿಡುತ್ತಿದ್ದ. ದೇಶಭಕ್ತನೂ ಕ್ರೈಸ್ತನೂ ಒಟ್ಟಿಗೆ ಆಗಿರುವುದು ಹೇಗೆ ಎಂಬುದು ಅವನು ಕೇಳಿದ ಪ್ರಶ್ನೆಗಳಲ್ಲಿ ಒಂದು. ಬಲವಂತದ ದುಡಿಮೆಯ ವ್ಯವಸ್ಥೆಯನ್ನು ನಡೆಸಿದ ಫ್ರಿಟ್ಸ್ ಸೌಕೆಲ್ ಹತ್ತು ಮಕ್ಕಳ ತಂದೆ. ಅವನು ಬೇಗನೆ ಮೆತ್ತಗಾದ. ಗೆರೆಕಿ ಅವನೊಡನೆ ಸತ್ಯವೇದವನ್ನೂ ಲೂಥರನ್ ಸಭೆಯ ಪ್ರಶ್ನೋತ್ತರ ಪುಸ್ತಕವನ್ನೂ ಮೊದಲ ಪಾಠದಿಂದ ಓದಿಸಿದರು. ಪಾಪಿಯಾದ ನನ್ನನ್ನು ಕರುಣಿಸು ಎಂಬ, ಯೇಸು ಹೇಳಿದ ಕಥೆಯ ಸುಂಕದವನ ಪ್ರಾರ್ಥನೆಯನ್ನು ಸೌಕೆಲ್ ಮತ್ತೆ ಮತ್ತೆ ಹೇಳುತ್ತಿದ್ದ. ಸೌಕೆಲ್, ರೇಡಿಯೊ ಪ್ರಚಾರಕನಾಗಿದ್ದ ಫ್ರಿಚೆ, ಹಿಟ್ಲರ್ ಯುವದಳದ ನಾಯಕನಾಗಿದ್ದ ಶಿರಾಖ್, ಶಸ್ತ್ರಾಸ್ತ್ರ ಸಚಿವನಾಗಿದ್ದ ಸ್ಪೀರ್ ಮೊದಲಾದವರು ಹೀಗೆ ಉಪದೇಶ ಪಡೆದ ಮೇಲೆ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಸ್ವೀಕರಿಸುವ ಸಂಸ್ಕಾರಕ್ಕೆ) ಸೇರಿದರು, ಕೈಟೆಲ್ ತನ್ನ ಕೋಣೆಯಲ್ಲಿ ಮೊಣಕಾಲೂರಿ ಅದನ್ನು ಸ್ವೀಕರಿಸಿದ. ಕೇಳಿದ ತಕ್ಷಣ ಯಾರಿಗೂ ಕೊಡಲಿಲ್ಲ ಎಂಬುದನ್ನು ಗಮನಿಸಬೇಕು; ಆಮೇಲಿನ ಒಂದು ನಿರ್ಧಾರ ಹುಟ್ಟಿದ್ದು ಈ ಪದ್ಧತಿಯಿಂದಲೇ.

ಕೇಳಿದ ಮಾತು, ಇಟ್ಟುಕೊಂಡ ಮಾತು

ಅದೇ ಕೋಣೆಗಳಿಗೆ ಪ್ರತಿದಿನ ಹೋಗುತ್ತಿದ್ದ ಇನ್ನೊಬ್ಬರು ಗಿಲ್ಬರ್ಟ್. ಅವರೂ ಕೈದಿಗಳ ಮಾತನ್ನು ತಾಳ್ಮೆಯಿಂದ ಕೇಳುತ್ತಿದ್ದರು. ಹೊರಗೆ ಬಂದು ಎಲ್ಲವನ್ನೂ ಬರೆದಿಡುತ್ತಿದ್ದರು. ಆ ಟಿಪ್ಪಣಿಗಳು ಅಧಿಕಾರಿಗಳಿಗೂ ತಲುಪಿದವು, 1947ರಲ್ಲಿ ಪುಸ್ತಕವೂ ಆದವು. ಅದು ಅವರ ಕೆಲಸ, ಅದರಿಂದ ಇತಿಹಾಸಕ್ಕೆ ಲಾಭವಾಗಿದೆ. ಪಾಲಕನ ಕೆಲಸ ಅದಲ್ಲ. ಕೈದಿಗೆ ಅಧಿಕಾರಿಯೂ ಚಾಪ್ಲಿನ್ನೂ ಒಂದೇ ಸಮವಸ್ತ್ರದಲ್ಲಿ ಕಾಣಿಸುವಾಗ ಇವರಿಬ್ಬರೂ ಬೇರೆ ಎಂದು ಅವನು ನಂಬುವುದು ಸುಲಭವಲ್ಲ. ನಂಬಿಕೆ ಹುಟ್ಟುವುದಕ್ಕೆ ಇರುವ ದಾರಿ ಒಂದೇ: ನಿನ್ನೆ ಹೇಳಿದ ಮಾತು ಇಂದು ಇನ್ನಾರ ಬಾಯಲ್ಲೂ ಕೇಳಿಸಬಾರದು.

ಆ ನಂಬಿಕೆ ಹುಟ್ಟಿತ್ತು ಎಂಬುದಕ್ಕೆ 1946ರ ಬೇಸಿಗೆಯ ಒಂದು ಕಾಗದ ಸಾಕ್ಷಿ. ಗೆರೆಕಿಯವರು ಊರಿಗೆ ಹೊರಡಲಿದ್ದಾರೆ, ಹೆಂಡತಿ ಆಲ್ಮಾ ಅವರಿಗಾಗಿ ಕಾಯುತ್ತಿದ್ದಾರೆ ಎಂಬ ಸುದ್ದಿ ಕೈದಿಗಳಿಗೆ ಮುಟ್ಟಿದಾಗ, ಫ್ರಿಚೆ ಆಲ್ಮಾ ಅವರ ಹೆಸರಿಗೆ ಒಂದು ಪತ್ರ ಬರೆದ. ನಿಮ್ಮ ಯಜಮಾನರು ನಮಗೆ ಪಾಲಕರಷ್ಟೇ ಅಲ್ಲದೆ ಮನುಷ್ಯರಾಗಿಯೂ ಬೇಕಾಗಿದ್ದಾರೆ, ಇನ್ನು ಸ್ವಲ್ಪ ಕಾಲ ಅವರನ್ನು ನಮಗೆ ಬಿಟ್ಟುಕೊಡಿ ಎಂಬ ಭಾವದ ಆ ಪತ್ರಕ್ಕೆ 21 ಮಂದಿಯೂ ಸಹಿ ಹಾಕಿದರು. ಆರಾಧನೆಗೆ ಕಾಲಿಡದ ಹೆಸ್ ಮತ್ತು ರೋಸೆನ್‌ಬರ್ಗ್ ಸಹಿ ಹಾಕಿದರು, ಓಕಾನರ್ ಅವರ ಪಾಲಿನ ಕಥೋಲಿಕರೂ ಹಾಕಿದರು. ಆಲ್ಮಾ ಗಂಡನಿಗೆ ಅಲ್ಲಿಯೇ ಉಳಿಯುವಂತೆ ಬರೆದರು. ಬೋಧನೆಯನ್ನು ತಿರಸ್ಕರಿಸಿದವರೂ ಬೋಧಕನು ಇರಲಿ ಎಂದು ಕೇಳಿಕೊಂಡದ್ದು ಈ ಪ್ರಕರಣದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ ಸಂಗತಿ. ಒತ್ತಾಯವಿಲ್ಲದ ಹಾಜರಿಯನ್ನು ಅವರು ಗುರುತಿಸಿದ್ದರು.

ಇದೇ ಜಾಗದಲ್ಲಿ ಒಂದು ಅಸಮಾಧಾನವನ್ನೂ ಹೇಳಬೇಕು. ನಮಗೆ ಈ ಕೋಣೆಗಳ ಒಳಗಿನ ಮಾತುಗಳು ತಿಳಿದಿರುವುದು ಬಹುಪಾಲು ಗೆರೆಕಿಯವರೇ 1951ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಲೇಖನದಿಂದ. ಯಾರು ಅತ್ತರು, ಯಾರು ಯಾವ ಪ್ರಾರ್ಥನೆ ಹೇಳಿದರು, ಯಾರಿಗೆ ಭೋಜನ ನಿರಾಕರಿಸಲಾಯಿತು ಎಂಬುದೆಲ್ಲ ಅದರಲ್ಲಿದೆ. ಸತ್ತವರು ಅದನ್ನು ಒಪ್ಪಲೂ ಆರರು, ಅಲ್ಲಗಳೆಯಲೂ ಆರರು. ಸಾರ್ವಜನಿಕ ವ್ಯಕ್ತಿಗಳ ಕೊನೆಯ ದಿನಗಳ ಬಗ್ಗೆ ಲೋಕಕ್ಕೆ ಕುತೂಹಲವಿತ್ತು, ಅದು ಇತಿಹಾಸದ ದಾಖಲೆ ಎಂಬ ಸಮರ್ಥನೆ ಇದೆ. ಅದರಿಂದಲೇ ಈ ಅಧ್ಯಯನವೂ ಸಾಧ್ಯವಾಗಿದೆ. ಆದರೂ ಹೆಸರಿಲ್ಲದ ಕೈದಿಗಳ ನಡುವೆ ಕೆಲಸ ಮಾಡುವವರು, ಕಾಣಿಕೆ ಕೊಡುವವರಿಗಾಗಿ ಕೈದಿಗಳ ಮಾನಸಾಂತರದ ಕಥೆಗಳನ್ನು ಬರೆಯುವಾಗ, ಇದನ್ನು ಮಾದರಿಯಾಗಿ ಹಿಡಿಯಬಾರದು.

ಅಕ್ಟೋಬರ್ 15ರ ರಾತ್ರಿ

1946ರ ಸೆಪ್ಟೆಂಬರ್‌ನಲ್ಲಿ ತೀರ್ಪಿಗಾಗಿ ಕಾಯುವ ದಿನಗಳಲ್ಲಿ ಕೈದಿಗಳ ಕುಟುಂಬದವರಿಗೆ ಭೇಟಿಯ ಅನುಮತಿ ಸಿಕ್ಕಿತು. ಹೆಂಡಂದಿರು ಗಂಡಂದಿರೊಡನೆ ಜಾಲರಿಯ ಆಚೆಯಿಂದ ಮಾತನಾಡುತ್ತಿದ್ದಾಗ ಇಬ್ಬರು ಚಾಪ್ಲಿನ್‌ಗಳು ಮಕ್ಕಳನ್ನು ನೋಡಿಕೊಂಡರು. ಗೋರಿಂಗನ ಎಂಟು ವರ್ಷದ ಮಗಳು ಎಡ್ಡಾ, ತಾನು ದಿನವೂ ಅಪ್ಪನಿಗಾಗಿ ಪ್ರಾರ್ಥಿಸುವುದಾಗಿ ಗೆರೆಕಿಯವರಿಗೆ ಹೇಳಿದಳು; ದೇವರು ಅವನ ಹೃದಯವನ್ನು ತೆರೆದು ಯೇಸುವನ್ನು ಒಳಗೆ ಬರಮಾಡಿಕೊಳ್ಳುವಂತೆ ಮಾಡಲಿ ಎಂಬುದು ಅವಳ ಬೇಡಿಕೆ. ಸೆರೆಮನೆಯ ಸೇವೆ ಕೋಣೆಯೊಳಗೆ ಮುಗಿಯುವುದಿಲ್ಲ, ಹೊರಗಿನ ಮನೆಯವರೂ ಒಂದು ಬಗೆಯ ಶಿಕ್ಷೆಯನ್ನು ಅನುಭವಿಸುತ್ತಿರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಸೆಪ್ಟೆಂಬರ್ 30 ಮತ್ತು ಅಕ್ಟೋಬರ್ 1ರಂದು ತೀರ್ಪು ಓದಲಾಯಿತು. ಹನ್ನೆರಡು ಮಂದಿಗೆ ಮರಣದಂಡನೆಯಾಯಿತು. ಅವರಲ್ಲಿ ಬೋರ್ಮನ್ ಎಂಬವನ ವಿಚಾರಣೆ ಅವನ ಗೈರುಹಾಜರಿಯಲ್ಲೇ ನಡೆದಿತ್ತು. ಮೂವರಿಗೆ ಜೀವಾವಧಿ, ನಾಲ್ವರಿಗೆ ಹತ್ತರಿಂದ ಇಪ್ಪತ್ತು ವರ್ಷಗಳ ಸೆರೆವಾಸ, ಮೂವರಿಗೆ ಬಿಡುಗಡೆ.

ಗಲ್ಲಿನ ಹಿಂದಿನ ಸಂಜೆ, ಅಕ್ಟೋಬರ್ 15ರಂದು, ಗೋರಿಂಗ್ ಕರ್ತನ ಭೋಜನ ಬೇಕೆಂದು ಕೇಳಿದ. ಮಾತು ಮುಂದುವರಿದಂತೆ ಅವನು ಸೃಷ್ಟಿಯ ಕಥೆಯನ್ನೂ ಸತ್ಯವೇದವನ್ನೂ ಹಾಸ್ಯ ಮಾಡಿದ, ಕ್ರಿಸ್ತನು ರಕ್ಷಕನೆಂಬುದನ್ನು ಒಪ್ಪಲಿಲ್ಲ. ಒಂದು ವೇಳೆ ನೀವು ಹೇಳುವುದು ನಿಜವಾಗಿದ್ದರೆ ಇರಲಿ ಎಂಬ ಮುನ್ನೆಚ್ಚರಿಕೆಗಾಗಿ ಅವನಿಗೆ ಭೋಜನ ಬೇಕಾಗಿತ್ತು. ಪರಲೋಕದಲ್ಲಿ ಅಪ್ಪನನ್ನು ಕಾಣಬೇಕೆಂಬ ಮಗಳ ಆಸೆಯನ್ನು ಗೆರೆಕಿ ನೆನಪಿಸಿದರು. ಅವಳು ಅವಳ ರೀತಿಯಲ್ಲಿ ನಂಬುತ್ತಾಳೆ, ನಾನು ನನ್ನ ರೀತಿಯಲ್ಲಿ ಸಾಯುತ್ತೇನೆ ಎಂದು ಅವನು ಉತ್ತರಿಸಿದ. ಗೆರೆಕಿ ಭೋಜನ ಕೊಡಲಿಲ್ಲ. ಅದೇ ರಾತ್ರಿ ಹನ್ನೊಂದಕ್ಕೆ ಸ್ವಲ್ಪ ಮುಂಚೆ ಕಾವಲುಗಾರನ ಕೂಗು ಕೇಳಿಸಿತು. ಗೋರಿಂಗ್ ಸಯನೈಡ್ ಗುಳಿಗೆ ಕಚ್ಚಿದ್ದ. ಗೆರೆಕಿ ಓಡಿಬಂದು, ಸಾಯುತ್ತಿದ್ದವನ ಕಿವಿಯಲ್ಲಿ, ಯೇಸುವಿನ ರಕ್ತವು ಸಕಲ ಪಾಪಗಳಿಂದ ನಮ್ಮನ್ನು ಶುದ್ಧಿಮಾಡುತ್ತದೆ ಎಂಬ ವಾಕ್ಯವನ್ನು ಹೇಳಿದರು.

ರಾತ್ರಿ ಒಂದು ಗಂಟೆ ದಾಟಿದ ಮೇಲೆ, 16ರ ನಸುಕಿನಲ್ಲಿ, ಸೆರೆಮನೆಯ ವ್ಯಾಯಾಮಶಾಲೆಯಲ್ಲಿ ಉಳಿದ ಹತ್ತು ಮಂದಿಯನ್ನು ಗಲ್ಲಿಗೇರಿಸಲಾಯಿತು. ಗೆರೆಕಿ ತಮ್ಮ ಪಾಲಿನ ಐವರ ಜೊತೆ ಗಲ್ಲುಕಂಬದವರೆಗೆ ನಡೆದರು. ಮೊದಲು ಹೋದ ರಿಬೆನ್‌ಟ್ರಾಪ್ ಮತ್ತೆ ಭೇಟಿಯಾಗುತ್ತೇನೆ ಎಂದು ಅವರಿಗೆ ಹೇಳಿದ. ರೋಸೆನ್‌ಬರ್ಗನನ್ನು ನಿನಗಾಗಿ ಪ್ರಾರ್ಥಿಸಲೇ ಎಂದು ಕೇಳಿದಾಗ ಅವನು ವಂದನೆ ಹೇಳಿ ಬೇಡವೆಂದ. ಗೆರೆಕಿ ಆ ಮಾತನ್ನು ಗೌರವಿಸಿದರು.

ನಿರಾಕರಣೆಯ ಬಗ್ಗೆ

ಗೋರಿಂಗನಿಗೆ ಭೋಜನ ನಿರಾಕರಿಸಿದ್ದಕ್ಕೆ ಗೆರೆಕಿಯವರನ್ನು ಕೆಲವು ಬೋಧಕರೇ ದೂಷಿಸಿದರು. ಸಾಯಲಿರುವ ಮನುಷ್ಯ ಕೇಳಿದಾಗ ತಡೆಯಲು ನೀನಾರು ಎಂಬ ಆಕ್ಷೇಪಣೆಗೆ ಬಲವಿದೆ. ಲೂಕನ ಸುವಾರ್ತೆಯಲ್ಲಿ, ಹಿಡಿದುಕೊಡುವವನ ಕೈ ನನ್ನ ಜೊತೆಯಲ್ಲೇ ಮೇಜಿನ ಮೇಲಿದೆ ಎಂದು ಯೇಸು ಹೇಳುವುದು ರೊಟ್ಟಿಯನ್ನೂ ಪಾತ್ರೆಯನ್ನೂ ಕೊಟ್ಟ ಮೇಲೆ. ಹಿಡಿದುಕೊಟ್ಟ ಶಿಷ್ಯ ಯೂದನಿಗೆ ಸಿಕ್ಕಿದ್ದು ಗೋರಿಂಗನಿಗೆ ಏಕಿಲ್ಲ?

ನನ್ನ ತೀರ್ಮಾನ ಗೆರೆಕಿಯವರ ಪರವಾಗಿದೆ. ಅವರು ಗೋರಿಂಗನ ಹೃದಯವನ್ನು ತೂಗಲಿಲ್ಲ, ಅವನ ಬಾಯಿಂದ ಬಂದ ಮಾತನ್ನು ಅವನ ಮಾತೆಂದೇ ಗಂಭೀರವಾಗಿ ತೆಗೆದುಕೊಂಡರು. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 11ನೇ ಅಧ್ಯಾಯದಲ್ಲಿ, ಪ್ರತಿಯೊಬ್ಬನು ತನ್ನನ್ನು ಪರೀಕ್ಷಿಸಿಕೊಂಡು ಈ ರೊಟ್ಟಿಯನ್ನು ತಿನ್ನಲಿ ಎನ್ನುತ್ತಾನೆ. ಪರೀಕ್ಷಿಸಿಕೊಳ್ಳಲು ಒಪ್ಪದವನಿಗೆ, ಅದೂ ನಗುತ್ತಲೇ ಕೇಳುವವನಿಗೆ ಕೊಟ್ಟಿದ್ದರೆ ಭೋಜನವು ತಾಯಿತವಾಗುತ್ತಿತ್ತು. ಹಾಗೆ ಕೊಡುವುದು ಕರುಣೆಯಂತೆ ಕಂಡರೂ, ನೀನು ಹೇಳಿದ್ದರಲ್ಲಿ ಯಾವುದೂ ಮುಖ್ಯವಲ್ಲ ಎಂದು ಅವನಿಗೆ ಹೇಳಿದಂತೆಯೇ. ಸೌಕೆಲ್ ಮತ್ತು ಕೈಟೆಲ್ ತಿಂಗಳುಗಟ್ಟಲೆ ಕಲಿತು ಪಡೆದದ್ದನ್ನು ಅದು ಅಗ್ಗ ಮಾಡುತ್ತಿತ್ತು. ಭೋಜನವನ್ನು ತಡೆಹಿಡಿದ ಪಾಲಕ ತಾನು ಮಾತ್ರ ದೂರ ಸರಿಯಲಿಲ್ಲ, ಕೆಲವೇ ಗಂಟೆಗಳ ಒಳಗೆ ಅದೇ ಮನುಷ್ಯನ ಕಿವಿಯ ಬಳಿ ಬಾಗಿದ್ದರು. ಕೊಡದಿದ್ದುದನ್ನು ಮಾತ್ರ ನೋಡಿ, ಬಿಡದಿದ್ದುದನ್ನು ನೋಡದವರು ಈ ಘಟನೆಯ ಅರ್ಧವನ್ನಷ್ಟೇ ಓದುತ್ತಾರೆ.

ಆ ನಿರಾಕರಣೆಯೇ ಆತ್ಮಹತ್ಯೆಗೆ ದೂಡಿತೆಂಬ ಅನುಮಾನಕ್ಕೂ ಆಧಾರವಿಲ್ಲ. ಗೋರಿಂಗ್ ಬಿಟ್ಟುಹೋದ ಕಾಗದಗಳಲ್ಲಿ, ಸೆರೆಮನೆಯ ಅಧಿಕಾರಿಗೆ ಬರೆದದ್ದರ ಮೇಲೆ ಅಕ್ಟೋಬರ್ 11ರ ತಾರೀಖಿತ್ತು, ಗುಳಿಗೆ ಮೊದಲಿನಿಂದಲೂ ತನ್ನ ಬಳಿ ಇತ್ತೆಂದು ಅದರಲ್ಲಿ ಹೇಳಿಕೊಂಡಿದ್ದ. ಗೆರೆಕಿಯವರಿಗೂ ಅವನು ಒಂದು ಕಾಗದ ಬರೆದಿಟ್ಟಿದ್ದ: ತನ್ನನ್ನು ಕ್ಷಮಿಸಬೇಕು, ಹೆಂಡತಿಯನ್ನು ಸಮಾಧಾನಪಡಿಸಬೇಕು ಎಂಬ ಬೇಡಿಕೆ ಅದರಲ್ಲಿತ್ತು.

ಪಶ್ಚಾತ್ತಾಪಕ್ಕೆ ಎದುರಿಗೆ ಯಾರು

ಇನ್ನು ಅಪೂರ್ಣವಾಗಿ ಉಳಿದ ಪ್ರಶ್ನೆಗೆ ಬರೋಣ. ಕೋಣೆಯಲ್ಲಿ ಪಾಪಿಯಾದ ನನ್ನನ್ನು ಕರುಣಿಸು ಎಂದು ಪ್ರಾರ್ಥಿಸಿದ ಸೌಕೆಲ್, ಗಲ್ಲುಕಂಬದ ಮೇಲೆ ನಿಂತು ತಾನು ನಿರಪರಾಧಿಯಾಗಿ ಸಾಯುತ್ತಿದ್ದೇನೆ, ತೀರ್ಪು ಅನ್ಯಾಯದ್ದು ಎಂದು ಹೇಳಿದ. ಜರ್ಮನಿಗೆ ಬಂದ 50 ಲಕ್ಷ ವಿದೇಶಿ ಕೆಲಸಗಾರರಲ್ಲಿ 2 ಲಕ್ಷ ಮಂದಿಯೂ ಸ್ವಇಚ್ಛೆಯಿಂದ ಬಂದವರಲ್ಲ ಎಂದು 1944ರ ಮಾರ್ಚ್‌ನಲ್ಲಿ ಸಭೆಯೊಂದರಲ್ಲಿ ಹೇಳಿದವನು ಅವನೇ. ಆ ಸಭೆಯ ನಡಾವಳಿ ನ್ಯಾಯಾಲಯದ ಮುಂದಿತ್ತು. ಕೈಟೆಲ್ ತನ್ನ ಕೊನೆಯ ಹೇಳಿಕೆಯಲ್ಲಿ, ನಂಬಿ ತಪ್ಪಿದೆ, ತಡೆಯಬೇಕಾದುದನ್ನು ತಡೆಯಲಾರದೆ ಹೋದೆ, ಅದೇ ನನ್ನ ಅಪರಾಧ ಎಂದು ಒಪ್ಪಿಕೊಂಡ; ಅದು ಸೌಕೆಲನಿಗಿಂತ ಬಹಳ ಮುಂದೆ ಹೋದ ಮಾತು. ಆದರೆ ಗಲ್ಲಿನಲ್ಲಿ ಅವನು ನೆನೆದದ್ದು ಜರ್ಮನ್ ಜನತೆಯನ್ನು, ಸತ್ತ 20 ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರನ್ನು ಮತ್ತು ತನ್ನ ಗಂಡುಮಕ್ಕಳನ್ನು. ಅವನು ಸಹಿ ಹಾಕಿದ ಆದೇಶಗಳಿಂದ ಕತ್ತಲೆಯಲ್ಲಿ ಕಾಣೆಯಾದವರು ಆ ಪ್ರಾರ್ಥನೆಯಲ್ಲಿ ಇರಲಿಲ್ಲ.

ಓಕಾನರ್ ಅವರ ಪಾಲಿನ ಹಾನ್ಸ್ ಫ್ರಾಂಕನದೂ ಹತ್ತಿರದ ಕಥೆಯೇ. ಆಕ್ರಮಿತ ಪೋಲೆಂಡನ್ನು ಆಳಿದ ಈತ ಸೆರೆಮನೆಯಲ್ಲಿ ಕಥೋಲಿಕ ಸಭೆಗೆ ಸೇರಿದ. 1946ರ ಏಪ್ರಿಲ್‌ನಲ್ಲಿ, ಸಾವಿರ ವರ್ಷ ಕಳೆದರೂ ಜರ್ಮನಿಯ ಈ ಅಪರಾಧ ಅಳಿಯದು ಎಂದು ಸಾಕ್ಷಿಯ ಕಟ್ಟೆಯಲ್ಲಿ ಹೇಳಿ ಎಲ್ಲರನ್ನೂ ಬೆರಗುಗೊಳಿಸಿದ. ಆಗಸ್ಟ್ ಕೊನೆಗೆ, ಶತ್ರುಗಳು ಜರ್ಮನರ ಮೇಲೆ ಎಸಗಿದ ಕೃತ್ಯಗಳಿಂದ ಆ ಅಪರಾಧ ಈಗಾಗಲೇ ಅಳಿದುಹೋಗಿದೆ ಎಂದು ಆ ಮಾತನ್ನು ಹಿಂತೆಗೆದುಕೊಂಡ.

ಇದರಿಂದ ಆ ಕೋಣೆಗಳಲ್ಲಿ ನಡೆದದ್ದೆಲ್ಲ ನಾಟಕ ಎಂದು ಹೇಳುವುದು ದುಡುಕು. ದೇವರ ಮುಂದೆ ತಾನು ಪಾಪಿ ಎಂದು ಒಪ್ಪುವುದೂ, ಇಂಥ ಮನುಷ್ಯನಿಗೆ ಇಂಥ ಕೇಡು ಮಾಡಿದೆ ಎಂದು ಒಪ್ಪುವುದೂ ಎರಡು ಬೇರೆ ಒಪ್ಪಿಗೆಗಳು. ಮೊದಲನೆಯದನ್ನು ಪ್ರಾಮಾಣಿಕವಾಗಿ ಮಾಡಿದವನು ಎರಡನೆಯದರ ಹತ್ತಿರವೂ ಸುಳಿಯದೆ ಇರಬಲ್ಲ. ಸೆರೆಮನೆಯಲ್ಲಿ ಬಹಳ ಪ್ರೀತಿಯಿಂದ ಓದುವ 51ನೇ ಕೀರ್ತನೆಯಲ್ಲಿ, ನಿನಗೇ, ಕೇವಲ ನಿನಗೇ ತಪ್ಪುಮಾಡಿದ್ದೇನೆ ಎಂದು ದಾವೀದ ರಾಜನು ದೇವರಿಗೆ ಹೇಳುತ್ತಾನೆ. ಆ ಒಂದು ಸಾಲನ್ನು ಮಾತ್ರ ಹಿಡಿದುಕೊಂಡ ಕೈದಿಗೆ, ದಾವೀದನು ಯಾರ ಹೆಂಡತಿಯನ್ನು ತೆಗೆದುಕೊಂಡು ಯಾರನ್ನು ಕೊಲ್ಲಿಸಿದನೋ ಆ ಊರೀಯನನ್ನು ಮರೆಯುವುದು ಸುಲಭ. ಆದರೆ ಆ ಕೀರ್ತನೆಯ ತಲೆಬರಹವೇ ಪ್ರವಾದಿ ನಾತಾನನು ದಾವೀದನ ಬಳಿಗೆ ಬಂದ ಸಂದರ್ಭವನ್ನು ನೆನಪಿಸುತ್ತದೆ. ನಾತಾನನು ಮೊದಲು ಮಾಡಿದ್ದು, ಬಡವನ ಒಂದೇ ಕುರಿಮರಿಯ ಕಥೆ ಹೇಳಿ, ಕಸಿದುಕೊಳ್ಳಲ್ಪಟ್ಟವನನ್ನು ರಾಜನ ಕಣ್ಣ ಮುಂದೆ ತಂದು ನಿಲ್ಲಿಸಿದ್ದು. ಆಮೇಲೆ ಊರೀಯನ ಹೆಸರು ಹೇಳಿದ. ಕ್ಷಮೆಯ ಮಾತು ಬಂದದ್ದು ಅದರ ನಂತರ. ಸುವಾರ್ತೆಯ ಸುಂಕ ವಸೂಲಿಗಾರ ಜಕ್ಕಾಯನೂ ಮೋಸದಿಂದ ಕಸಿದುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವೆನೆಂದ. ಶಿಲುಬೆಯ ಮೇಲಿನ ಕಳ್ಳನು ತನ್ನ ಶಿಕ್ಷೆ ನ್ಯಾಯವಾದದ್ದು ಎಂದು ಮೊದಲು ಒಪ್ಪಿಕೊಂಡು, ಬಳಿಕ ನನ್ನನ್ನು ನೆನಸಿಕೋ ಎಂದು ಯೇಸುವನ್ನು ಕೇಳಿಕೊಂಡ.

ಗೆರೆಕಿ ನಾತಾನನ ಕೆಲಸವನ್ನು ಎಷ್ಟು ಮಾಡಿದರು ಎಂಬುದು ಅವರ ಬರಹದಲ್ಲಿ ತೆಳುವಾಗಿದೆ. ಕೈದಿಯ ಮತ್ತು ದೇವರ ನಡುವಿನ ಮಾತು ಅಲ್ಲಿ ತುಂಬಿದೆ, ಕೈದಿಯಿಂದ ನೊಂದವರು ಅಲ್ಲಿ ಅಪರೂಪ. ಕೆಲಸಕ್ಕೆ ಒದಗುವ ಸಾಮಗ್ರಿ ಇರಲಿಲ್ಲವೆಂದಲ್ಲ. 1945ರ ನವೆಂಬರ್ 29ರಂದು ಯಾತನಾಶಿಬಿರಗಳ ಚಲನಚಿತ್ರವನ್ನು ನ್ಯಾಯಾಲಯದಲ್ಲಿ ತೋರಿಸಿದಾಗ ಆರೋಪಿಗಳಲ್ಲಿ ಫುಂಕ್ ಎಂಬವನು ಅತ್ತ, ಶಾಖ್ಟ್ ಎಂಬವನು ಪರದೆಗೆ ಬೆನ್ನು ಮಾಡಿ ಕುಳಿತ. ಆ ಕಣ್ಣೀರು ಯಾರಿಗಾಗಿ ಎಂದು ಕೋಣೆಯಲ್ಲಿ ಕೇಳಬಹುದಾದವನು ಪಾಲಕನೊಬ್ಬನೇ.

ಪಾಲಕನ ಕೈಗೂ ಮಿತಿಗಳಿದ್ದವು ಎಂಬುದನ್ನು ಮರೆಯಬಾರದು. ವಿಚಾರಣೆ ನಡೆಯುತ್ತಿರುವಾಗ ಕೈದಿ ಆಡುವ ಪ್ರತಿ ಮಾತೂ ಅವನ ಪ್ರಾಣಕ್ಕೆ ಸಂಬಂಧಿಸಿದ್ದು; ಅಪರಾಧ ಒಪ್ಪಿಕೊ ಎಂದು ಒತ್ತಾಯಿಸುವ ಪಾಲಕ ಸರ್ಕಾರಿ ವಕೀಲನ ನೆರಳಾಗಿಬಿಡುತ್ತಾನೆ. ನೊಂದವರ ಪರವಾಗಿ ಕ್ಷಮಿಸುವ ಅಧಿಕಾರವೂ ಪಾಲಕನಿಗಿಲ್ಲ. ಗೆರೆಕಿ ಅಂಥ ಅಧಿಕಾರ ತಮಗಿದೆ ಎಂದು ಹೇಳಿಕೊಳ್ಳಲಿಲ್ಲ, ಅದು ಅವರ ದೊಡ್ಡ ಗುಣ. ಜೊತೆಗೆ ಸಮಯ ಇರಲಿಲ್ಲ. ತೀರ್ಪಿಗೂ ಗಲ್ಲಿಗೂ ನಡುವೆ ಸಿಕ್ಕಿದ್ದು ಎರಡು ವಾರ. ನ್ಯಾಯಾಲಯದ ಭಯ ಮುಗಿದು, ಇನ್ನು ಸುಳ್ಳು ಹೇಳಿ ಪ್ರಯೋಜನವಿಲ್ಲದ ಸ್ಥಿತಿಯಲ್ಲಿ ಮಾತ್ರ ಆರಂಭವಾಗಬಲ್ಲ ಸಂಭಾಷಣೆಯೊಂದಿತ್ತು. ಮರಣದಂಡನೆ ಅದನ್ನು ಕಡಿದುಹಾಕಿತು.

ಸಮಯ ಸಿಕ್ಕವರು ಇದ್ದರು. ಸೆರೆವಾಸದ ಶಿಕ್ಷೆಯಾದ ಏಳು ಮಂದಿಯನ್ನು 1947ರ ಜುಲೈನಲ್ಲಿ ಬರ್ಲಿನ್ನಿನ ಸ್ಪಾಂಡೌ ಸೆರೆಮನೆಗೆ ಸಾಗಿಸಲಾಯಿತು. ಅಲ್ಲಿಗೆ ಪಾಲಕರಾಗಿ ಬಂದ ಫ್ರೆಂಚ್ ಪ್ರಾಟೆಸ್ಟೆಂಟ್ ಬೋಧಕ ಜಾರ್ಜ್ ಕಜಾಲಿ ನಾಜಿಗಳ ವಿರುದ್ಧದ ಪ್ರತಿರೋಧ ಚಳವಳಿಯಲ್ಲಿದ್ದವರು. ಕುಷ್ಠರೋಗಿಗಳನ್ನು ಜನರಿಂದ ಬೇರ್ಪಡಿಸುತ್ತಿದ್ದುದನ್ನು ಕುರಿತು ಅವರು ಮಾಡಿದ ಪ್ರಸಂಗ ಕೈದಿಗಳಲ್ಲಿ ಕೆಲವರಿಗೆ ಅವಮಾನವೆನಿಸಿತು. ಗೆರೆಕಿಯವರಿಂದ ಭೋಜನ ಪಡೆದಿದ್ದ ಆಲ್ಬರ್ಟ್ ಸ್ಪೀರ್ ಮಾತ್ರ, ತಾನು ಬೇರೆ ಮನುಷ್ಯನಾಗಲು ಸಹಾಯ ಮಾಡಿರೆಂದು ಕಜಾಲಿಯವರನ್ನು ಕೇಳಿಕೊಂಡ. 1950ರಲ್ಲಿ ಅವರು ಅಲ್ಲಿಂದ ಹೊರಡುವವರೆಗೂ ಆ ಮಾತುಕತೆ ನಡೆಯಿತು. ಸ್ಪೀರ್ ಇಪ್ಪತ್ತು ವರ್ಷ ಪೂರೈಸಿ 1966ರಲ್ಲಿ ಬಿಡುಗಡೆಯಾದ, ನಾಜಿ ಆಡಳಿತದ ಪಾಪಕ್ಕೆ ಒಟ್ಟಾರೆ ಹೊಣೆ ತನ್ನದೂ ಹೌದೆಂದು ಲೋಕದ ಮುಂದೆ ಮತ್ತೆ ಮತ್ತೆ ಹೇಳಿದ. ಯೆಹೂದ್ಯರ ಸಂಹಾರ ಮಾತ್ರ ತನಗೆ ಗೊತ್ತಿರಲಿಲ್ಲ ಎಂಬ ಮಾತನ್ನು ಕೊನೆಯವರೆಗೂ ಬಿಡಲಿಲ್ಲ. 1971ರ ಡಿಸೆಂಬರ್‌ನಲ್ಲಿ ಅವನು ಒಬ್ಬ ಮಹಿಳೆಗೆ ಬರೆದ ಖಾಸಗಿ ಪತ್ರವೊಂದು 2007ರಲ್ಲಿ ಹೊರಬಂತು. ಎಲ್ಲ ಯೆಹೂದ್ಯರನ್ನೂ ಕೊಲ್ಲಲಾಗುವುದೆಂದು ನಾಜಿ ಪೊಲೀಸ್ ಪಡೆಗಳ ಮುಖ್ಯಸ್ಥ ಹಿಮ್ಲರ್ 1943ರಲ್ಲಿ ಪೋಸೆನ್ ನಗರದಲ್ಲಿ ಹೇಳಿದಾಗ ತಾನು ಅಲ್ಲಿಯೇ ಇದ್ದುದಾಗಿ ಅದರಲ್ಲಿ ಅವನು ಒಪ್ಪಿಕೊಂಡಿದ್ದಾನೆ. ಇಪ್ಪತ್ತು ವರ್ಷ, ಇಬ್ಬರು ಒಳ್ಳೆಯ ಪಾಲಕರು, ಕರ್ತನ ಭೋಜನ ಇಷ್ಟೂ ದೊರೆತವನಿಗೂ ಒಟ್ಟಾರೆ ಪಾಪದ ಹೊರೆಯನ್ನು ಹೊರುವುದು ಸಾಧ್ಯವಾಯಿತು, ಆ ಒಂದು ದಿನದ ಒಂದು ಸಂಗತಿಯನ್ನು ಬಹಿರಂಗವಾಗಿ ಹೇಳುವುದು ಸಾಧ್ಯವಾಗಲಿಲ್ಲ.

ಗೆರೆಕಿ ಅಮೆರಿಕಕ್ಕೆ ಮರಳಿ, ಇಲಿನಾಯ್ ರಾಜ್ಯದ ಚೆಸ್ಟರ್ ಪಟ್ಟಣದಲ್ಲಿ ಸಭಾಪಾಲಕರಾಗಿ ಅಲ್ಲಿನ ಮೆನಾರ್ಡ್ ಸೆರೆಮನೆಯ ಕೈದಿಗಳ ನಡುವೆಯೂ ಸೇವೆ ಮಾಡುತ್ತ 1961ರಲ್ಲಿ ತೀರಿಕೊಂಡರು. ಅಲ್ಲಿನ ಕೈದಿಗಳು ರಾಜ್ಯಗಳನ್ನು ಆಳಿದವರಲ್ಲ. ಅಂಥ ಕೈದಿಯೊಬ್ಬ, ಇಂದು ಎಲ್ಲಿಯೇ ಇರಲಿ, ನಾನು ಪಾಪಿ ಎಂದು ಹೇಳಿ ಅತ್ತಾಗ, ಪಾಲಕನು ಅವನ ಕೈ ಹಿಡಿದುಕೊಂಡು ಕೂಡಬೇಕು. ಕಾನೂನಿನ ಅಪಾಯ ಕಳೆದ ಮೇಲೆ, ಅವಸರವಿಲ್ಲದೆ, ನಿನ್ನಿಂದ ನೊಂದವರು ಯಾರು, ಅವರ ಹೆಸರೇನು, ಅವರ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ಕೇಳಬೇಕು. ಉತ್ತರ ಬಾರದಿದ್ದರೆ ಮುಂದಿನ ಭೇಟಿಯಲ್ಲಿ ಮತ್ತೊಮ್ಮೆ ಕೇಳಬೇಕು.